ಎಡ ಮೇಲ್ಮೂಲೆಯ ಚುಕ್ಕೆಗಳು: ನಿಕಾನ್ ಡಿ600 ಪ್ರಕರಣ

ಬಿಳಿ ಗೋಡೆಗೋ ಮೋಡವಿಲ್ಲದ ಆಕಾಶಕ್ಕೋ ಕ್ಯಾಮೆರಾ ಹಿಡಿಯಿರಿ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಎಫ್/22ಕ್ಕೆ ಇಳಿಸಿ (ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು). ಫೋಕಸ್ ಬೇಕಿಲ್ಲ, ಬೇಕೆಂದೇ ಕೆಡಿಸಿ. ಕೈ ನಡುಗಿದರೂ ಅಡ್ಡಿಯಿಲ್ಲ. ಒಂದು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ ಕಾಂಟ್ರಾಸ್ಟ್ ಏರಿಸಿ. ಯಾವ ಕ್ಯಾಮೆರಾದಲ್ಲೂ ಅಲ್ಲೊಂದು ಇಲ್ಲೊಂದು ಮಸುಕು ಚುಕ್ಕೆ ಕಂಡೇ ಕಾಣುತ್ತದೆ, ಅದು ಧೂಳು. ಆದರೆ 2012ರ ಕೊನೆಯಲ್ಲಿ ಹೊಸ ನಿಕಾನ್ ಡಿ600 ಕೊಂಡವರು ಈ ಪರೀಕ್ಷೆ ಮಾಡಿದಾಗ ಕಂಡದ್ದು ಬೇರೆ. ಚಿತ್ರದ ಎಡ ಮೇಲ್ಮೂಲೆಯಲ್ಲಿ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಉಳಿದ ಕಡೆ ಬಹುಪಾಲು ಶುಭ್ರ.

ಧೂಳಿಗೆ ಮೂಲೆಯ ಭೇದ ಇರುವುದಿಲ್ಲ. ಒಂದೇ ಮೂಲೆಯನ್ನು ಆರಿಸಿಕೊಂಡು ಕೂರುವ ಕಸ ಹೊರಗಿನಿಂದ ಬಂದದ್ದಲ್ಲ ಎಂಬ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಆ ಅನುಮಾನ ಕಂಪನಿಯ ಬಾಯಲ್ಲಿ ಒಪ್ಪಿಗೆಯಾಗಿ ಬರಲು ಸುಮಾರು ಹದಿನೇಳು ತಿಂಗಳು ಹಿಡಿಯಿತು. ಹವ್ಯಾಸದ ಸಾಮಾನು ಕೆಟ್ಟು ಬಂದರೆ ತಯಾರಕರ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಯಾರಿಗೆ ಕಂಡಿತು, ಯಾರಿಗೆ ಕಾಣಲಿಲ್ಲ

ಡಿ600 ಬಿಡುಗಡೆ ಘೋಷಣೆಯಾದದ್ದು 2012ರ ಸೆಪ್ಟೆಂಬರ್ 13ರಂದು. 24.3 ಮೆಗಾಪಿಕ್ಸೆಲ್, ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, ಚಿತ್ರ ಹಿಡಿಯುವ ಸೆನ್ಸರ್ (ಫುಲ್ ಫ್ರೇಮ್), ಸೆಕೆಂಡಿಗೆ 5.5 ಫೋಟೊ, ಅಮೆರಿಕದಲ್ಲಿ ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾಕ್ಕೆ ಸುಮಾರು 2,100 ಡಾಲರ್. ಅದುವರೆಗೆ ಫುಲ್ ಫ್ರೇಮ್ ಎಂದರೆ ವೃತ್ತಿಯವರ ಸ್ವತ್ತು. ಕೆಲವೇ ದಿನಗಳ ಅಂತರದಲ್ಲಿ ಕ್ಯಾನನ್ 6ಡಿ ಕೂಡ ಅದೇ ಬೆಲೆಗೆ ಬಂತು. ಎರಡೂ ಕಂಪನಿಗಳು ಕಣ್ಣಿಟ್ಟದ್ದು ಒಬ್ಬನೇ ಗಿರಾಕಿಯ ಮೇಲೆ: ವಾರವಿಡೀ ಬೇರೆ ಕೆಲಸ ಮಾಡಿ, ಶನಿವಾರ ಬೆಳಗಿನ ಜಾವ ಟ್ರೈಪಾಡ್ ಹೊತ್ತು ಬೆಟ್ಟ ಹತ್ತುವವನು.

ಚುಕ್ಕೆಗಳ ತೊಂದರೆ ತಟ್ಟಿದ್ದೂ ಸರಿಯಾಗಿ ಅವನಿಗೇ. ಸೆನ್ಸರಿನ ಮುಂದೆ ಒಂದು ಗಾಜಿನ ಫಿಲ್ಟರ್ ಇರುತ್ತದೆ, ಕಸ ಕೂರುವುದು ಅದರ ಮೇಲೆ. ಅಪರ್ಚರ್ ಅಗಲವಾಗಿ ತೆರೆದಿದ್ದರೆ ಬೆಳಕು ನಾನಾ ಕೋನಗಳಿಂದ ಬಂದು ಕಸದ ನೆರಳನ್ನು ಅಳಿಸಿಬಿಡುತ್ತದೆ. ಕಿರಿದು ಮಾಡಿದರೆ ನೆರಳು ಚೂಪಾಗುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ನೆರಳು ಗೆರೆ ಕೊರೆದಂತೆ ಬೀಳುವುದು, ಮೋಡ ಮುಸುಕಿದ ದಿನ ನೆರಳೇ ಇಲ್ಲದಿರುವುದು, ಅದೇ ಲೆಕ್ಕ. ಮದುವೆ ಮನೆಯಲ್ಲಿ ಎಫ್/2.8ರಲ್ಲಿ ಕ್ಲಿಕ್ಕಿಸುವವರಿಗೆ ಈ ಚುಕ್ಕೆ ಗೋಚರಿಸುವುದೇ ಅಪರೂಪ. ಹಿನ್ನೆಲೆಯಲ್ಲಿ ಹೂವಿನ ಅಲಂಕಾರ, ಜನ, ಗಲಾಟೆ. ಚುಕ್ಕೆ ಅದರಲ್ಲೆಲ್ಲೋ ಮುಳುಗಿಹೋಗುತ್ತದೆ. ಮುಂಬೆಳಗಿನ ಆಕಾಶ, ನಿಶ್ಚಲ ಕೆರೆ, ಎಫ್/16, ಚಿತ್ರದ ಮೇಲ್ಭಾಗವೆಲ್ಲ ತಿಳಿ ನೀಲಿ ಎನ್ನುವ ಕಡೆ ಮಾತ್ರ ಅಡಗಲು ಜಾಗವಿಲ್ಲ. ಎಡ ಮೇಲ್ಮೂಲೆ ಎಂದರೆ ಆಕಾಶವಿರುವ ಜಾಗವೇ ತಾನೆ.

ಇನ್ನೊಂದು ಸಣ್ಣ ವಿವರ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಮೂಡಿಸುತ್ತದಾದ್ದರಿಂದ ಚಿತ್ರದಲ್ಲಿ ಮೇಲೆ ಕಾಣುವ ಕಸ ಸೆನ್ಸರಿನಲ್ಲಿ ಕೆಳಗಿರುತ್ತದೆ. ಲೆನ್ಸ್ ತೆಗೆದು ಮುಂದಿನಿಂದ ಇಣುಕಿದರೆ ಅದು ಎಡ ಕೆಳಮೂಲೆ. ಇದು ತಿಳಿಯದೆ ಮೇಲ್ಭಾಗವನ್ನೇ ಉಜ್ಜಿ ಉಜ್ಜಿ ಬೇಸತ್ತವರಿದ್ದಾರೆ.

ಕೌಂಟರಿನ ಈಚೆ

ಕ್ಯಾಮೆರಾ ಹಿಡಿದು ಸರ್ವೀಸ್ ಸೆಂಟರಿಗೆ ಹೋದವರಿಗೆ ಸಿಗುತ್ತಿದ್ದ ಉತ್ತರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಧೂಳು ಸ್ವಾಭಾವಿಕ, ಕ್ಲೀನ್ ಮಾಡಿ ಕೊಡುತ್ತೇವೆ. ಕ್ಲೀನ್ ಮಾಡಿಯೂ ಕೊಟ್ಟರು. ಕೆಲವು ನೂರು ಫೋಟೊ ತೆಗೆಯುವಷ್ಟರಲ್ಲಿ ಚುಕ್ಕೆಗಳು ಮರಳಿ ಬಂದವು. ಸೋರುವ ತಾರಸಿಯ ಕೆಳಗೆ ನೆಲ ಒರೆಸಿದ ಹಾಗೆ. ಒರೆಸಿದವನು ಕೆಲಸ ಮಾಡಿಲ್ಲವೆಂದು ಹೇಳುವ ಹಾಗಿಲ್ಲ, ನೆಲ ಒಣಗಿದೆ ಎಂದೂ ಹೇಳುವ ಹಾಗಿಲ್ಲ.

ಇಲ್ಲಿ ಗಿರಾಕಿಯ ಇಕ್ಕಟ್ಟು ನೋಡಿ. ಅವನ ಕೈಲಿರುವುದು ಒಂದೇ ಕ್ಯಾಮೆರಾ. ಒಂದರಲ್ಲಿ ಧೂಳು ಕಂಡರೆ ಅದು ಧೂಳು ಅಷ್ಟೆ. ಲೆನ್ಸ್ ಬದಲಿಸುವಾಗ ನೀನೇ ಎಚ್ಚರ ತಪ್ಪಿದ್ದೀಯ ಎಂದರೆ ಅವನಲ್ಲಿ ಎದುರುತ್ತರವಿಲ್ಲ. ಅದು ತಯಾರಿಕೆಯ ದೋಷ ಎಂದು ಸಾಬೀತಾಗಬೇಕಾದರೆ ನೂರು ಕ್ಯಾಮೆರಾ ಎದುರಿಗಿರಬೇಕು. ಆ ನೂರು ಯಾರ ಎದುರಿಗಿದ್ದವು? ಕೌಂಟರಿನ ಆಚೆ ಕೂತವರ ಎದುರಿಗೆ. ಅವರ ಜಾಬ್ ಶೀಟಿನಲ್ಲಿ ಮಾಡೆಲ್, ತಾರೀಖು, ದೂರು ಎಲ್ಲವೂ ಬರೆದಿರುತ್ತದೆ. ಒಂದೇ ಮಾಡೆಲ್, ಒಂದೇ ದೂರು, ಒಂದೇ ಮೂಲೆ. ಲೆಕ್ಕ ಹಾಕಲು ಬೇಕಾದ ಕಾಗದವೆಲ್ಲ ಕಂಪನಿಯ ಬಳಿ, ಲೆಕ್ಕ ತೋರಿಸಬೇಕಾದ ಹೊರೆಯೆಲ್ಲ ಗಿರಾಕಿಯ ತಲೆಯ ಮೇಲೆ. ಡಿ600 ಪ್ರಕರಣದ ಗಂಟು ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಕಸಕ್ಕೆ ಮೂಲವೆಂದು ಮುಂದೆ ಅನುಮಾನ ಬಿದ್ದ ಶಟರ್, ಅಂದರೆ ಸೆನ್ಸರಿನ ಮುಂದೆ ತೆರೆದು ಮುಚ್ಚುವ ಪರದೆ, ಕೆಟ್ಟಿತ್ತು ಎಂಬುದಕ್ಕಿಂತ ಇದು ದೊಡ್ಡದು.

ಗಂಟು ಬಿಚ್ಚಿದವರು ಹೊರಗಿನವರು. ಅಮೆರಿಕದಲ್ಲಿ ಲೆನ್ಸ್, ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಯೊಂದು ಪ್ರತಿ ಬಾಡಿಗೆಯ ನಂತರ ಪ್ರತಿ ಸೆನ್ಸರನ್ನೂ ಪರೀಕ್ಷಿಸಿ ಶುಚಿ ಮಾಡುತ್ತದೆ. ಅವರ ಬಳಿ ಒಂದಲ್ಲ, ಹಲವು ಡಿ600 ಇದ್ದವು. ಬೇರೆ ಮಾಡೆಲ್‌ಗಳಿಗಿಂತ ಇದು ಹೆಚ್ಚು ಕೊಳೆಯಾಗಿ ವಾಪಸು ಬರುತ್ತಿದೆ, ಅದೂ ಒಂದೇ ಜಾಗದಲ್ಲಿ ಎಂದು ಅವರು 2012ರ ಅಕ್ಟೋಬರಿನಲ್ಲೇ ಚಿತ್ರ ಸಮೇತ ಬರೆದರು. ಮತ್ತೊಬ್ಬ ಛಾಯಾಗ್ರಾಹಕ ಇನ್ನೂ ಸರಳವಾದ ಕೆಲಸ ಮಾಡಿದ. ಹೊಸ ಕ್ಯಾಮೆರಾದಲ್ಲಿ, ಲೆನ್ಸ್ ಕಳಚದೆ, ಸಾವಿರ ಫೋಟೊ ತೆಗೆದು ಚುಕ್ಕೆಗಳು ಹೇಗೆ ಒಂದೊಂದಾಗಿ ಬಂದು ಕೂರುತ್ತವೆ ಎಂಬುದನ್ನು ವಿಡಿಯೊ ಮಾಡಿ ಹಾಕಿದ. ಲೆನ್ಸ್ ಕಳಚಿಯೇ ಇಲ್ಲ ಎಂದ ಮೇಲೆ ಹೊರಗಿನ ಗಾಳಿಯನ್ನು ದೂರುವುದು ಕಷ್ಟ. ಶಟರಿನ ಯಂತ್ರಭಾಗದಿಂದಲೇ ಎಣ್ಣೆಯ ಹನಿ, ಪುಡಿ ಸಿಡಿಯುತ್ತಿದೆ ಎಂದು ಬಳಸುವವರು ಊಹಿಸಿದರು. ಮೂರು ಸಾವಿರ ಫೋಟೊ ದಾಟಿದ ಮೇಲೆ ಚುಕ್ಕೆ ಕಡಿಮೆಯಾಗುತ್ತದೆ ಎಂಬ ಮಾತೂ ಹರಡಿತು. ದುಡ್ಡು ಕೊಟ್ಟು ಕೊಂಡವರು ಮನೆಯಲ್ಲಿ ಕೂತು ಸುಮ್ಮಸುಮ್ಮನೆ ಗೋಡೆಗೆ ಮೂರು ಸಾವಿರ ಸಲ ಕ್ಲಿಕ್ಕಿಸುವ ಪರಿಸ್ಥಿತಿ ಬಂತು.

ಹದಿನೇಳು ತಿಂಗಳು

2013ರ ಫೆಬ್ರುವರಿಯಲ್ಲಿ ನಿಕಾನ್ ಒಂದು ತಾಂತ್ರಿಕ ಸೂಚನೆ ಹೊರಡಿಸಿತು. ಹರಳು ಹರಳಾದ ಕಪ್ಪು ಚುಕ್ಕೆಗಳ ಬಗ್ಗೆ ಕೆಲವರು ತಿಳಿಸಿದ್ದಾರೆ, ಅಪರೂಪಕ್ಕೆ ಅವು ಎದ್ದು ಕಾಣಬಹುದು, ಕೈಪಿಡಿಯಲ್ಲಿ ಹೇಳಿದಂತೆ ಕ್ಯಾಮೆರಾದ ಶುಚಿ ಮಾಡುವ ವ್ಯವಸ್ಥೆ ಬಳಸಿ, ಬ್ಲೋವರಿನಿಂದ ಊದಿ, ಹೋಗದಿದ್ದರೆ ಹತ್ತಿರದ ಸರ್ವೀಸ್ ಸೆಂಟರಿಗೆ ಬನ್ನಿ ಎಂಬುದು ಅದರ ತಾತ್ಪರ್ಯ. 'ದೋಷ' ಎಂಬ ಮಾತಿಲ್ಲ. ಎಷ್ಟು ನಾಜೂಕಾಗಿ ಬರೆದಿದ್ದರೆಂದರೆ, ತೊಂದರೆ ಇದೆ ಎಂದು ಒಪ್ಪಿದ ಹಾಗೂ ಆಯಿತು, ತಮ್ಮದಲ್ಲ ಎಂದ ಹಾಗೂ ಆಯಿತು. ಎಣ್ಣೆಯ ಜಿಗುಟಿದ್ದರೆ ಬ್ಲೋವರ್ ಊದಿದರೆ ಹೋಗುವುದಿಲ್ಲ, ಅದಕ್ಕೆ ದ್ರಾವಣ ಹಚ್ಚಿದ ಸ್ವಾಬ್ ಬೇಕು ಎಂಬುದು ಸೆನ್ಸರ್ ಒರೆಸಿ ಗೊತ್ತಿರುವ ಯಾರಿಗೂ ತಿಳಿದದ್ದೇ.

2013ರ ಅಕ್ಟೋಬರ್ 8ರಂದು ಡಿ610 ಬಂತು. ಡಿ600 ಬಂದು ಹದಿಮೂರೇ ತಿಂಗಳಾಗಿತ್ತು. ಅದೇ ಸೆನ್ಸರ್ ಗಾತ್ರ, ಅಷ್ಟೇ ಮೆಗಾಪಿಕ್ಸೆಲ್, ಅದೇ 39 ಫೋಕಸ್ ಬಿಂದು. ಮುಖ್ಯ ಬದಲಾವಣೆ ಹೊಸ ಶಟರ್ ವ್ಯವಸ್ಥೆ. ಸೆಕೆಂಡಿಗೆ 5.5 ಇದ್ದದ್ದು 6 ಆಯಿತು, ಸದ್ದು ತಗ್ಗಿಸಿ ಸೆಕೆಂಡಿಗೆ 3 ತೆಗೆಯುವ ಸೌಲಭ್ಯ ಸೇರಿತು. ಅರ್ಧ ಫೋಟೊ ಹೆಚ್ಚಿಗೆ ತೆಗೆಯಲೆಂದು ಯಾವ ಕಂಪನಿಯೂ ಹದಿಮೂರು ತಿಂಗಳಿಗೇ ಹೊಸ ಮಾಡೆಲ್ ತರುವುದಿಲ್ಲ. ಡಿ600 ಇಟ್ಟುಕೊಂಡಿದ್ದವರು ಇದನ್ನು ಬಾಯಿ ಬಿಡದೆ ಮಾಡಿದ ತಪ್ಪೊಪ್ಪಿಗೆ ಎಂದೇ ಓದಿಕೊಂಡರು. ಕಂಪನಿಗೆ ಇದರಿಂದ ಅನುಕೂಲ. ಹೊಸ ಗಿರಾಕಿಗೆ ಸರಿಯಾದ ಸಾಮಾನು ಸಿಕ್ಕಿತು. ಹಳೆಯವನಿಗೆ? ಅವನ ಕ್ಯಾಮೆರಾದ ಸೆಕೆಂಡ್ ಹ್ಯಾಂಡ್ ಬೆಲೆ ಬಿತ್ತು. ದೋಷವಿರುವ ಸಾಮಾನನ್ನು ಬದಲಾಯಿಸಿ ಕೊಡುವ ಬದಲು ಮಾಡೆಲ್ಲನ್ನೇ ಬದಲಾಯಿಸಿಬಿಟ್ಟರು ಎಂದರೆ ವ್ಯಂಗ್ಯವಲ್ಲ, ನಡೆದದ್ದೇ ಅಷ್ಟು.

2014ರ ಆರಂಭದಲ್ಲಿ ಅಮೆರಿಕದ ವಕೀಲರ ಸಂಸ್ಥೆಯೊಂದು ಸಾಮೂಹಿಕ ದಾವೆಯ ಸಾಧ್ಯತೆ ನೋಡಲು ಡಿ600 ಕೊಂಡವರನ್ನು ಸಂಪರ್ಕಿಸತೊಡಗಿತು. ಫೆಬ್ರುವರಿ 26ಕ್ಕೆ ನಿಕಾನ್‌ನಿಂದ ಎರಡನೇ ಸೂಚನೆ ಬಂತು. ಈ ಸಲ ಭಾಷೆ ಬೇರೆ: ಕ್ಯಾಮೆರಾ ತಪಾಸಣೆ, ಶುಚಿ, ಶಟರ್ ಮತ್ತು ಸಂಬಂಧಪಟ್ಟ ಭಾಗಗಳ ಬದಲಾವಣೆ, ಎಲ್ಲವೂ ಉಚಿತ. ವಾರಂಟಿ ಮುಗಿದಿದ್ದರೂ ಉಚಿತ. ಕಳಿಸುವ, ತರಿಸುವ ಖರ್ಚೂ ಕಂಪನಿಯದೇ. ಏಕೆ ಆಯಿತು ಎಂಬ ವಿವರಣೆ ಅದರಲ್ಲೂ ಇರಲಿಲ್ಲ. ಬಿಚ್ಚಿ ಹಾಕುತ್ತೇವೆ ಎಂದದ್ದು ಶಟರನ್ನು. ಓದುವವರಿಗೆ ಅಷ್ಟು ಸಾಕಾಯಿತು.

ಮಾರ್ಚ್ 15

ಇಲ್ಲಿಗೆ ಮುಗಿದಿದ್ದರೆ ಇದು 'ತಡವಾಗಿಯಾದರೂ ರಿಪೇರಿ ಮಾಡಿಕೊಟ್ಟರು' ಎಂಬ ಪ್ರಕರಣವಾಗಿ ಉಳಿಯುತ್ತಿತ್ತು. ಬದಲಿ ಕೊಡುವ ಮಾತು ಬಂದದ್ದು ಚೀನಾದಿಂದ.

1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಗ್ರಾಹಕರ ಹಕ್ಕುಗಳ ಬಗ್ಗೆ ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದ್ದರ ನೆನಪಿಗೆ ಆ ದಿನ ವಿಶ್ವ ಗ್ರಾಹಕ ಹಕ್ಕುಗಳ ದಿನ. (ನಮ್ಮ ರಾಷ್ಟ್ರೀಯ ಗ್ರಾಹಕರ ದಿನ ಡಿಸೆಂಬರ್ 24, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದ ದಿನ.) ಚೀನಾದ ಸರ್ಕಾರಿ ಟಿವಿ ಸಿಸಿಟಿವಿ, ನಮ್ಮ ಗಲ್ಲಿಯ ಸಿಸಿಟಿವಿ ಅಲ್ಲ, 1991ರಿಂದ ಆ ರಾತ್ರಿ ಒಂದು ಕಾರ್ಯಕ್ರಮ ನಡೆಸುತ್ತದೆ. ಅದರಲ್ಲಿ ದೊಡ್ಡ ದೊಡ್ಡ ಕಂಪನಿಗಳ ಬಂಡವಾಳ ಬಯಲು. 2013ರಲ್ಲಿ ವಾರಂಟಿಯ ವಿಷಯಕ್ಕೆ ಆಪಲ್ ಸಿಕ್ಕಿಬಿದ್ದು, ಏಪ್ರಿಲ್ 1ರಂದು ಟಿಮ್ ಕುಕ್ ಕ್ಷಮೆ ಕೇಳಬೇಕಾಯಿತು. 2014ರಲ್ಲಿ ಸರದಿ ಡಿ600ದ್ದು. ಸಲ ಸಲ ಶುಚಿ ಮಾಡಿಸಿ, ಶಟರ್ ಬದಲಾಯಿಸಿಕೊಂಡೂ ಚುಕ್ಕೆ ಹೋಗದ ಗಿರಾಕಿಗಳನ್ನು ಪರದೆಯ ಮೇಲೆ ತಂದರು. ಮರುದಿನವೇ ಶಾಂಘೈನ ಆಡಳಿತ ಅಲ್ಲಿ ಡಿ600 ಮಾರಾಟ ನಿಲ್ಲಿಸಲು ಹೇಳಿತು. ಆ ತಿಂಗಳು ಮುಗಿಯುವುದರೊಳಗೆ ನಿಕಾನ್ ಪ್ರಕಟಿಸಿತು: ಸರ್ವೀಸ್ ಮಾಡಿದ ಮೇಲೂ ಚುಕ್ಕೆಗಳು ಉಳಿದರೆ ಹೊಸ ಡಿ600 ಅಥವಾ ಅದಕ್ಕೆ ಸಮನಾದ ಮಾಡೆಲ್ ಉಚಿತವಾಗಿ ಕೊಡುತ್ತೇವೆ. 'ಸಮನಾದ' ಎಂದರೆ ವಾಸ್ತವದಲ್ಲಿ ಡಿ610. ಹಾಗೆ ಡಿ610 ಪಡೆದವರೂ ಇದ್ದಾರೆ.

ಟಿವಿಯ ಹೆದರಿಕೆ ಎಲ್ಲರಿಗೂ ಕಂಡಿತು. ಅದೇ ದಿನ ನಡೆದ ಇನ್ನೊಂದು ಸಂಗತಿ ಅಷ್ಟು ಸುದ್ದಿಯಾಗಲಿಲ್ಲ. ಚೀನಾದ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ಕಾನೂನು ಜಾರಿಗೆ ಬಂದದ್ದೂ 2014ರ ಮಾರ್ಚ್ 15ರಂದೇ. ಅದರ 23ನೇ ವಿಧಿ ಹೇಳುವ ಮಾತು ಇದು: ಕಾರು, ಕಂಪ್ಯೂಟರ್, ಟಿವಿ, ಫ್ರಿಜ್ಜಿನಂಥ ಬಾಳಿಕೆಯ ಸಾಮಾನು ಕೊಂಡ ಆರು ತಿಂಗಳೊಳಗೆ ದೋಷ ಕಂಡು ತಕರಾರಾದರೆ, ಸಾಬೀತು ಮಾಡುವ ಹೊಣೆ ವ್ಯಾಪಾರಿಯದು. ಐರೋಪ್ಯ ಒಕ್ಕೂಟದಲ್ಲೂ ಇಂಥ ನಿಯಮವಿದೆ. ಅಲ್ಲಿ ಮೊದಲು ಆರು ತಿಂಗಳಿದ್ದದ್ದು 2022ರಿಂದ ಒಂದು ವರ್ಷವಾಯಿತು. ಲೆಕ್ಕದ ಪುಸ್ತಕ ಯಾರ ಬಳಿ ಇದೆಯೋ ಅವರೇ ಲೆಕ್ಕ ಕೊಡಲಿ ಎಂಬ ಸಾದಾ ತರ್ಕ.

ನಮ್ಮ ಗ್ರಾಹಕ ಆಯೋಗದ ಮುಂದೆ ಬಂದಿದ್ದರೆ

ನಿಕಾನ್‌ನ ಸೂಚನೆ ಜಗತ್ತಿಗೆಲ್ಲ ಅನ್ವಯಿಸುವಂಥದ್ದಾದ್ದರಿಂದ ಇಲ್ಲಿನವರಿಗೂ ಅದರ ಪ್ರಯೋಜನ ದಕ್ಕಿತು. ಆದರೆ ಅದು ಬರದೇ ಇದ್ದಿದ್ದರೆ? ಇಂಥದ್ದೇ ಕ್ಯಾಮೆರಾವನ್ನು ಇವತ್ತು ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಒಬ್ಬರು ಕೊಂಡರು ಎಂದುಕೊಂಡು ನೋಡೋಣ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವೇ ಇದೆ, 82ರಿಂದ 87ರವರೆಗಿನ ಸೆಕ್ಷನ್‌ಗಳು. ತಯಾರಿಕೆಯ ದೋಷಕ್ಕೆ, ವಿನ್ಯಾಸದ ದೋಷಕ್ಕೆ ತಯಾರಕನೇ ಹೊಣೆ ಎಂದು ಓದಿ ಹಿಗ್ಗಬಹುದು. ಹಿಗ್ಗುವ ಮೊದಲು 'ಹಾನಿ' ಪದದ ವ್ಯಾಖ್ಯೆ ನೋಡಬೇಕು. ಆ ಉತ್ಪನ್ನಕ್ಕೇ ಆದ ಹಾನಿ ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಬ್ಯಾಟರಿ ಸಿಡಿದು ಕೈ ಸುಟ್ಟರೆ ಆ ಅಧ್ಯಾಯ ನಿಮ್ಮದು. ಸೆನ್ಸರಿನ ಮೇಲೆ ಚುಕ್ಕೆ ಬಿದ್ದರೆ ಅಲ್ಲ. ಹವ್ಯಾಸದ ಸಾಮಾನಿನ ದೂರುಗಳಲ್ಲಿ ಬಹುಪಾಲು ಈ ಎರಡನೇ ಜಾತಿಯವು.

ಹಾಗಾದರೆ ದಾರಿ ಹಳೆಯದೇ. ಸರಕಿನಲ್ಲಿ 'ದೋಷ' ಇದೆ ಎಂದು ಜಿಲ್ಲಾ ಆಯೋಗಕ್ಕೆ ದೂರು ಕೊಡುವುದು. ಸೆಕ್ಷನ್ 39ರ ಅಡಿ ಆಯೋಗ ದೋಷ ಸರಿಪಡಿಸಲು, ದೋಷವಿಲ್ಲದ ಹೊಸ ಸರಕು ಕೊಡಲು, ಹಣ ವಾಪಸು ಮಾಡಲು, ಪರಿಹಾರ ಕೊಡಲು ಆದೇಶಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಇದು 2019ರ ಕಾಯ್ದೆಯ ನಿಜವಾದ ಉಪಕಾರ. ಹವ್ಯಾಸಿಗೆ ಇನ್ನೊಂದು ಅನುಕೂಲವಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂಬ ತಕರಾರನ್ನು ಕಂಪನಿಗಳ ವಕೀಲರು ಮೊದಲಿಗೇ ಎತ್ತುತ್ತಾರೆ. ಖುಷಿಗೆ ಫೋಟೊ ತೆಗೆಯುವವನ ಮೇಲೆ ಅದು ನಡೆಯುವುದಿಲ್ಲ. ಹೊಟ್ಟೆಪಾಡಿಗೆ ತಾನೇ ಕ್ಯಾಮೆರಾ ಹಿಡಿದು ಮದುವೆಗೆ ಹೋಗುವವನ ಮೇಲೂ ನಡೆಯುವುದಿಲ್ಲ. ಸ್ವಉದ್ಯೋಗದ ಜೀವನೋಪಾಯಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

ತೊಡಕು ಸಾಕ್ಷ್ಯದಲ್ಲಿ. ಪರೀಕ್ಷೆ ಮಾಡದೆ ತಿಳಿಯಲಾಗದ ದೋಷವಾದರೆ ಆಯೋಗ ಸರಕನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಅದರ ಶುಲ್ಕವನ್ನು ಮೊದಲು ಕಟ್ಟಬೇಕಾದವನು ದೂರುದಾರ. ಪ್ರಯೋಗಾಲಯಕ್ಕೆ ಹೋಗುವುದೂ ಒಂದೇ ಕ್ಯಾಮೆರಾ. ಅದರ ಮೇಲೆ ಕಸ ಇದೆ ಎಂದು ವರದಿ ಬರಬಹುದು, ಕಸ ಎಲ್ಲಿಂದ ಬಂತು ಎಂದು ಬರೆಯುವವರು ಯಾರು? ಚೀನಾದ 23ನೇ ವಿಧಿಯಂಥ ಸಾಲು ನಮ್ಮಲ್ಲಿಲ್ಲ. ಜೊತೆಗೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು. ಡಿ600 ಬಂದ ತಿಂಗಳೇ ಕೊಂಡು, ಮೊದಲ ವಾರವೇ ಚುಕ್ಕೆ ಕಂಡವರನ್ನು ನೆನೆಯಿರಿ. ಕಂಪನಿ ಉಚಿತ ಶಟರ್ ಎನ್ನುವಷ್ಟರಲ್ಲಿ ಆ ಇಪ್ಪತ್ತನಾಲ್ಕು ತಿಂಗಳಲ್ಲಿ ಹದಿನೇಳು ಕಳೆದಿದ್ದವು. ಮತ್ತೆ ಮತ್ತೆ ಕ್ಲೀನ್ ಮಾಡಿ ಕೊಡುವುದು ಹಾಗೆ ಗಡುವನ್ನೂ ಸವೆಸುತ್ತದೆ.

ನೂರು ಕ್ಯಾಮೆರಾವನ್ನು ಒಂದು ದೂರಿನೊಳಗೆ ತರಲು ಕಾಯ್ದೆಯಲ್ಲಿ ಬಾಗಿಲಿದೆ, ಸೆಕ್ಷನ್ 35(1)(ಸಿ). ಒಂದೇ ಹಿತಾಸಕ್ತಿಯ ಅನೇಕ ಗ್ರಾಹಕರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೋ ಕೆಲವರೋ ದೂರು ಕೊಡಬಹುದು. ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಖರೀದಿದಾರರ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲಿನ ಅಳತೆ ಹೇಳಿತು: ಎಲ್ಲರ ಹಿತ ಒಂದೇ ಎಂಬುದನ್ನು ದೂರಿನಲ್ಲೇ ತೋರಿಸಬೇಕು, ಸುಮ್ಮನೆ 'ಎಲ್ಲರ ಪರವಾಗಿ' ಎಂದರೆ ಸಾಲದು, ಅಷ್ಟು ತೋರಿಸಲಾಗದಿದ್ದರೂ ಕೆಲವರು ಸೇರಿ ಜಂಟಿ ದೂರು ಕೊಡಲು ಅಡ್ಡಿಯಿಲ್ಲ. ಫ್ಲ್ಯಾಟಿಗಿಂತ ಕ್ಯಾಮೆರಾಕ್ಕೆ ಇದು ಸುಲಭವಾಗಿ ಹೊಂದುತ್ತದೆ ಎನಿಸುತ್ತದೆ. ಒಂದೇ ಮಾಡೆಲ್, ಒಂದೇ ಶಟರ್, ಒಂದೇ ಮೂಲೆ. ಬೇಕಾದದ್ದು ಪ್ರತಿಯೊಬ್ಬರೂ ಪ್ರತಿ ಭೇಟಿಗೂ ಜಾಬ್ ಶೀಟ್ ಕೇಳಿ ಪಡೆದು ಇಟ್ಟುಕೊಂಡಿರುವುದು, ಅದರಲ್ಲಿ 'ಜನರಲ್ ಕ್ಲೀನಿಂಗ್' ಎಂದು ಬರೆಯಲು ಬಿಡದೆ 'ಎಡ ಮೇಲ್ಭಾಗದಲ್ಲಿ ಚುಕ್ಕೆ, ಮೂರನೇ ಸಲ' ಎಂದೇ ಬರೆಸಿರುವುದು. ಕೌಂಟರಿನಲ್ಲಿ ಕೂತ ಹುಡುಗನಿಗೆ ಬೇಜಾರಾಗುತ್ತದೆ, ಆಗಲಿ.

ಕಂಪನಿಯ ಸೌಜನ್ಯವನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಲೈಕಾ ಎಂ9 ಇದೆ. 2009ರಲ್ಲಿ ಬಂದ ಆ ದುಬಾರಿ ಕ್ಯಾಮೆರಾದ ಸೆನ್ಸರ್ ಗಾಜು ವರ್ಷಗಳು ಕಳೆದಂತೆ ತುಕ್ಕು ಹಿಡಿದಂತೆ ಕೆಡತೊಡಗಿತು. 2014ರ ಕೊನೆಯಲ್ಲಿ ಕಂಪನಿ ಎಷ್ಟೇ ಹಳೆಯದಿರಲಿ ಉಚಿತವಾಗಿ ಸೆನ್ಸರ್ ಬದಲಿಸುತ್ತೇವೆ ಎಂದಿತು. ದೊಡ್ಡ ಮನಸ್ಸೇ. ಮುಂದೆ ಆ ಸೌಲಭ್ಯಕ್ಕೆ ವರ್ಷಗಳ ಮಿತಿ ಬಂತು, ಕೊನೆಗೆ ಬದಲಿ ಸೆನ್ಸರುಗಳ ದಾಸ್ತಾನೇ ತೀರಿತು. ಹಕ್ಕಾಗಿದ್ದರೆ ಕೇಳಬಹುದಿತ್ತು, ಸೌಜನ್ಯವನ್ನು ಕೇಳುವುದು ಹೇಗೆ?

ಟ್ರೈಪಾಡ್ ತೂತಿನೊಳಗೆ

ನಿಕಾನ್ ಇದರಿಂದ ಏನೂ ಕಲಿಯಲಿಲ್ಲ ಎಂದರೆ ತಪ್ಪಾದೀತು. 2014ರ ಸೆಪ್ಟೆಂಬರಿನಲ್ಲಿ ಡಿ750 ಬಂತು. ಫ್ರೇಮಿನ ಮೇಲಂಚಿನಲ್ಲಿ ಸೂರ್ಯನೋ ದೀಪವೋ ಇದ್ದರೆ ಚಿತ್ರದೊಳಗೆ ವಿಚಿತ್ರವಾದ ಬೆಳಕಿನ ಪಟ್ಟೆ ಬೀಳುತ್ತದೆ ಎಂದು ಡಿಸೆಂಬರಿನಲ್ಲಿ ದೂರುಗಳೆದ್ದವು. ಆ ತಿಂಗಳು ಮುಗಿಯುವ ಮುನ್ನ ಕಂಪನಿ ಒಪ್ಪಿಕೊಂಡಿತು, ಜನವರಿಯಲ್ಲಿ ಉಚಿತ ದುರಸ್ತಿ ಪ್ರಕಟಿಸಿತು. 2015ರ ಜುಲೈನಲ್ಲಿ ಅದೇ ಮಾಡೆಲ್ಲಿನ ಕೆಲವು ಕ್ಯಾಮೆರಾಗಳ ಶಟರಿನಲ್ಲಿ ತೊಂದರೆ ಕಂಡಾಗ, ಯಾವ ಅವಧಿಯಲ್ಲಿ ತಯಾರಾದವು ಎಂದು ತಾನೇ ಹೇಳಿ, ಸೀರಿಯಲ್ ನಂಬರ್ ಹಾಕಿ ನೋಡಿಕೊಳ್ಳುವ ವ್ಯವಸ್ಥೆ ಮಾಡಿತು. ಈ ಸಲ ಲೆಕ್ಕದ ಪುಸ್ತಕ ತೆರೆದದ್ದು ಕಂಪನಿಯೇ.

ಬೆಳಕಿನ ಪಟ್ಟೆಯ ದೋಷ ಸರಿಪಡಿಸಿದ ಡಿ750ಗಳಿಗೆ ಒಂದು ಗುರುತು ಹಾಕಿದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇವತ್ತಿಗೂ ಕ್ಯಾಮೆರಾವನ್ನು ಕವುಚಿ, ಟ್ರೈಪಾಡಿನ ತಿರುಪು ಕೂರುವ ತೂತಿಗೆ ಮೊಬೈಲಿನ ಟಾರ್ಚ್ ಬಿಟ್ಟು ನೋಡುತ್ತಾರೆ. ಒಳಗೆ ಒಂದು ಕಪ್ಪು ಚುಕ್ಕೆ ಇದ್ದರೆ, ಸರಿಯಾಗಿದೆ ಎಂದರ್ಥ.